ಗಾಳಿ ಫ್ಯಾನ್‌ಗೆ ವೈಬ್ರೇಶನ್ ಮಾನಿಟರಿಂಗ್ ಸರ್ವಿಸ್: ಎರಡು ವರ್ಷ ಬಳಸಿದ ಮೇಲೆ

ಚಿತ್ರದುರ್ಗದ ಕಡೆ ಗುಡ್ಡದ ಮೇಲೆ ನಮ್ಮ ಓನರ್‌ದು ಕರೆಂಟ್ ತಯಾರಿಸೋ ಆರು ಗಾಳಿ ಫ್ಯಾನ್ (ವಿಂಡ್ ಟರ್ಬೈನ್) ಇದಾವೆ, ನಾನು ಅಲ್ಲಿ ಸೈಟ್ ನೋಡ್ಕೊಳ್ತೀನಿ. ಎರಡು ವರ್ಷದ ಹಿಂದೆ ಆರಕ್ಕೂ ಕಂಡೀಶನ್ ಮಾನಿಟರಿಂಗ್ ಹಾಕಿಸಿದ್ವಿ, ಅಂದ್ರೆ ಮೆಷಿನ್ ನಡುಗೋದನ್ನ (ವೈಬ್ರೇಶನ್) ಸೆನ್ಸರಲ್ಲಿ ಅಳೆದು, ಏನಾದ್ರೂ ಕೆಡ್ತಿದ್ರೆ ಮುಂಚೇನೇ ಹೇಳೋ ಸರ್ವಿಸ್. ಹಾಕಿಸ್ಬೇಕಾ ಬೇಡ್ವಾ ಅಂತ ಬೇರೆ ಸೈಟ್‌ನೋರು ಕೇಳ್ತಾನೇ ಇದಾರೆ, ಅದಕ್ಕೇ ಬರೀತಿದೀನಿ. ಕಂಪನಿ ಹೆಸರು ಬೇಡ.

ಮುಂಚೆ ನಮಗಿದ್ದಿದ್ದು ಸ್ಕಾಡಾ ಒಂದೇ, ಫ್ಯಾನ್ ಹೇಗೆ ಓಡ್ತಿದೆ ಅಂತ ಕಂಪ್ಯೂಟರಲ್ಲಿ ತೋರಿಸೋ ಸಿಸ್ಟಮ್. ಅದರಲ್ಲಿ 10 ನಿಮಿಷದ ಸರಾಸರಿ ಬರುತ್ತೆ, ಬೇರಿಂಗ್ ಬಿಸಿ ಆಗಿದೆ ಅಂತ ಅದು ತೋರಿಸೋ ಹೊತ್ತಿಗೆ ಬೇರಿಂಗ್ ಕತೆ ಮುಗಿಯೋಕೆ ಬಂದಿರುತ್ತೆ. ಈ ಸರ್ವಿಸ್ ಕಂಪನಿಯೋರು ಮೇನ್ ಬೇರಿಂಗ್ (ರೆಕ್ಕೆ ತಿರುಗಿಸೋ ದೊಡ್ಡ ಶಾಫ್ಟ್‌ದು), ಗೇರ್‌ಬಾಕ್ಸ್, ಜನರೇಟರ್ ಮೇಲೆ ಸೆನ್ಸರ್ ಕೂರಿಸಿದ್ರು, ಗೇರ್ ಆಯಿಲ್ ಸ್ಯಾಂಪಲ್ ಲ್ಯಾಬಿಗೆ ಕಳಿಸಿ ಕಬ್ಬಿಣದ ಅಂಶ ಎಷ್ಟಿದೆ ಅಂತಾನೂ ನೋಡ್ತಾರೆ.

ಕಳೆದ ಮಾರ್ಚಲ್ಲಿ ಅವ್ರ ಕಡೆಯಿಂದ ಒಬ್ಬ ಹುಡುಗಿ ಫೋನ್ ಮಾಡಿ, ಸರ್ ನಾಲ್ಕನೇ ಫ್ಯಾನ್‌ದು ಹೈಸ್ಪೀಡ್ ಶಾಫ್ಟ್ (ಗೇರ್‌ಬಾಕ್ಸಿಂದ ಜನರೇಟರ್ ಕಡೆ ಹೋಗೋ, ಜೋರಾಗಿ ತಿರುಗೋ ಶಾಫ್ಟ್) ಬೇರಿಂಗ್ ಹೊರಗಿನ ರಿಂಗಿಗೆ ಏಟಾಗಿದೆ, ಆಷಾಢದ ಗಾಳಿ ಶುರುವಾಗೋಕೆ ಮುಂಚೆ ಬದಲಾಯಿಸ್ಬಿಡಿ ಅಂದ್ರು. ಗ್ರಾಫ್ ಕಳಿಸಿದ್ರು, ಒಂದೇ ಅಂತರದಲ್ಲಿ ಸಾಲಾಗಿ ಮುಳ್ಳು ಎದ್ದಂಗಿತ್ತು, ಪ್ರತಿ ರೋಲರ್ ಆ ಏಟಿನ ಮೇಲೆ ಹೋದಾಗೆಲ್ಲ ಒಂದು ಟಕ್ ಅಂತೆ. ಮೇಲೆ ಹತ್ತಿ ಕಿವಿಗೊಟ್ಟು ಕೇಳಿದ್ರೆ ಏನೂ ಗೊತ್ತಾಗ್ಲಿಲ್ಲ, ಟೆಂಪರೇಚರೂ ನಾರ್ಮಲ್. ಬೊರೊಸ್ಕೋಪ್ (ಸಣ್ಣ ಕೊಳವೆ ಥರದ ಕ್ಯಾಮೆರಾ) ಇಳಿಸಿ ನೋಡಿದಾಗ ರಿಂಗಲ್ಲಿ ಕಿರುಬೆರಳಿನ ಉಗುರಷ್ಟು ಚಕ್ಕೆ ಎದ್ದಿತ್ತು, ನನಗೆ ಎದೆ ಧಸಕ್ ಅಂತು. ಗಾಳಿ ಕಮ್ಮಿ ಇದ್ದ ಮೂರು ದಿನ ನೋಡ್ಕೊಂಡು ಟವರ್ ಮೇಲೇ ಬೇರಿಂಗ್ ಬದಲಾಯಿಸಿದ್ವಿ, ಕ್ರೇನ್ ಬೇಕಾಗ್ಲಿಲ್ಲ. ಬಿಟ್ಟಿದ್ರೆ ಆ ಚೂರು ಗೇರ್ ಹಲ್ಲಿಗೆ ಸಿಕ್ಕಿ ಇಡೀ ಗೇರ್‌ಬಾಕ್ಸ್ ಕೆಳಗಿಳಿಸ್ಬೇಕಾಗ್ತಿತ್ತು, ಅದಕ್ಕೆ ದೊಡ್ಡ ಕ್ರೇನ್, ಕ್ರೇನ್ ಹತ್ತೋಕೆ ಗುಡ್ಡದ ರಸ್ತೆ ರಿಪೇರಿ, ಅದೂ ಜೋರು ಗಾಳೀಲಿ ಕ್ರೇನ್ ಎತ್ತಂಗಿಲ್ಲ, ಅಂದ್ರೆ ವರ್ಷದಲ್ಲಿ ಜಾಸ್ತಿ ಯೂನಿಟ್ ಬರೋ ಜೂನ್‌ನಿಂದ ಆಗಸ್ಟ್ ಪೂರ್ತಿ ಫ್ಯಾನ್ ಸುಮ್ನೆ ನಿಂತಿರೋದು.

ಬೇಜಾರಿನ ವಿಷ್ಯನೂ ಇದೆ. ಮೊದಲ ಮೂರು ತಿಂಗಳು ಬರೀ ಸುಳ್ಳು ಅಲಾರಂ. ಗಾಳಿ ಜಾಸ್ತಿ ಆದ್ರೆ ಲೋಡ್ ಜಾಸ್ತಿ, ವೈಬ್ರೇಶನ್ನೂ ಏರುತ್ತೆ, ಅಷ್ಟೇ ಪವರ್ ಬರ್ತಿದ್ದಾಗಿನ ಹಳೇ ಡೇಟಾ ಜೊತೆ ಹೋಲಿಸ್ಬೇಕು ಅಂತ ನಾವೇ ಹೇಳಿ ಸರಿಮಾಡಿಸಿದ್ವಿ. ಆಮೇಲೆ ಒಂದು ಸಲ ನೆಟ್‌ವರ್ಕ್ ಹೋಗಿ ಎರಡನೇ ಫ್ಯಾನ್‌ದು 15 ದಿನ ಡೇಟಾನೇ ಇಲ್ಲ, ಅವ್ರಲ್ಲಿ ಯಾರೂ ಗಮನಿಸಿಲ್ಲ, ನಾನೇ ಕಂಡುಹಿಡಿದಿದ್ದು. ಇದು ನನಗೆ ಇವತ್ತಿಗೂ ಸಿಟ್ಟು. ಮೇನ್ ಬೇರಿಂಗ್ ಮಟ್ಟಿಗೂ ಪೂರ್ತಿ ನಂಬ್ಬೇಡಿ, ನಿಮಿಷಕ್ಕೆ 15-20 ಸುತ್ತು ತಿರುಗೋ ಕಡೆ ಸಿಗ್ನಲ್ ತುಂಬ ಕ್ಷೀಣ, ಗ್ರೀಸಲ್ಲಿ ಲೋಹದ ಪುಡಿ ಇದ್ಯಾ ಅಂತ ನಾವು ಈಗಲೂ ಕೈಯಲ್ಲೇ ತಿಕ್ಕಿ ನೋಡ್ತೀವಿ.

ಹಾಕಿಸೋರು ಸೆನ್ಸರ್ ಎಷ್ಟು ಕೊಡ್ತೀರಿ ಅಂತ ಆಮೇಲೆ ಕೇಳಿ, ಗ್ರಾಫ್ ಓದೋರು ಯಾರು, ಎಷ್ಟು ದಿನಕ್ಕೊಮ್ಮೆ ಓದ್ತಾರೆ ಅಂತ ಮೊದಲು ಕೇಳಿ. ಆ ಹುಡುಗಿ ಫೋನ್ ಮಾಡಿಲ್ಲ ಅಂದಿದ್ರೆ ಸೆನ್ಸರ್ ಇದ್ದೂ ಇಲ್ದಂಗೇ. ಈ ವರ್ಷ ರಿನ್ಯೂ ಮಾಡಿಸಿದೀವಿ, ಡೇಟಾ ಒಂದು ದಿನ ನಿಂತ್ರೂ ಸೈಟಿಗೆ ಫೋನ್ ಬರ್ಬೇಕು ಅಂತ ಅಗ್ರಿಮೆಂಟಲ್ಲಿ ಬರೆಸ್ಕೊಂಡೇ ಸೈನ್ ಹಾಕಿದ್ದು.