ನಿಮ್ಮ ನಂಬರ್ ಬೇರೆಯವರಿಗೆ ‘ಪ್ರೈವೇಟ್’ ಅಂತ ಬರ್ತಿದ್ದರೆ ದಯವಿಟ್ಟು ನಾನು ಮಾಡಿದ್ದನ್ನು ಮಾಡಬೇಡಿ

ಹೋದ ತಿಂಗಳು ಒಂದು ಮಧ್ಯಾಹ್ನ ನನ್ನ ಫೋನ್ ನಾಲ್ಕು ಗಂಟೆ ಹೊತ್ತು ರಿಂಗೇ ಆಗಲಿಲ್ಲ. ಅಷ್ಟರಲ್ಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಗೊತ್ತಾಗುವ ಹೊತ್ತಿಗೆ ಹರಿಹರದ ನಮ್ಮ ಚಿಕ್ಕಪ್ಪ, ನಾನೇ ಕೇಳಿದೆ ಅಂತ ನಂಬಿ, ಯಾರಿಗೋ 15,000 ರೂಪಾಯಿ ಹಾಕಿಬಿಟ್ಟಿದ್ದರು. ಇನ್ನೊಬ್ಬರ ಮನೆಯಲ್ಲಿ ಹೀಗಾಗಬಾರದು ಅಂತ ನಡೆದದ್ದನ್ನೆಲ್ಲ ಬರೀತಿದ್ದೀನಿ.

ನಮ್ಮದು ದಾವಣಗೆರೆ, ನಿಟ್ಟುವಳ್ಳಿ. ಮನೆಯಲ್ಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಮಾರ್ತೀನಿ. ಆರ್ಡರ್ ಬರೋದು, ವಿಳಾಸ ಕೇಳೋದು, ಆಟೋದವರಿಗೆ ಹೇಳೋದು ಎಲ್ಲಾ ಒಂದೇ ನಂಬರಿನಲ್ಲಿ. ಸಿಗ್ನಲ್ ಸರಿಯಾಗಿ ಸಿಗಲ್ಲ ಅಂತ ಅದೇ ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಿಸಿದೆ. ಹೊಸ ಸಿಮ್ ಶುರುವಾದ ಮೂರನೇ ದಿನದಿಂದ ನಾನು ಫೋನ್ ಮಾಡಿದರೆ ಯಾರೂ ಎತ್ತುತ್ತಿರಲಿಲ್ಲ. ಕೆಲಸದಲ್ಲಿರಬೇಕು ಅಂದುಕೊಂಡೆ. ವಿದ್ಯಾನಗರದ ಒಂದು ಗೃಹಪ್ರವೇಶಕ್ಕೆ 200 ರೊಟ್ಟಿ ಕೊಡಬೇಕಿತ್ತು. ಆಟೋ ಹೊರಟ ಮೇಲೆ ಮನೆ ಯಾವ ಕ್ರಾಸ್‌ನಲ್ಲಿ ಅಂತ ಕೇಳೋಕೆ ಆರು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಊಟದ ಹೊತ್ತು ಮೀರಿದ ಮೇಲೆ ರೊಟ್ಟಿ ತಲುಪಿತು. ಆ ಮನೆಯ ಅಕ್ಕ ಸಂಜೆ ಬೇಜಾರಲ್ಲಿ ಹೇಳಿದರು: “ಪ್ರೈವೇಟ್ ನಂಬರ್ ಅಂತ ಬರ್ತಿತ್ತು ಕಣಮ್ಮ, ಅಂಥವನ್ನ ನಾವು ಎತ್ತಲ್ಲ.” ಅವರ ಮಾತಲ್ಲಿ ತಪ್ಪೇನಿದೆ? ನಾನಾದರೂ ಎತ್ತುತ್ತಿರಲಿಲ್ಲ.

ಅಶೋಕ ರಸ್ತೆಯ ಒಂದು ಮೊಬೈಲ್ ಅಂಗಡಿಗೆ ಹೋದೆ. ಹುಡುಗ ಫೋನ್ ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ‘ಕಾಲರ್ ಐಡಿ’ ಅನ್ನೋದನ್ನ ತೆರೆದು ‘ಶೋ ನಂಬರ್’ ಅಂತ ಇಟ್ಟ, ಫೋನ್ ಆಫ್ ಮಾಡಿ ಆನ್ ಮಾಡಿದ, 200 ರೂಪಾಯಿ ತಗೊಂಡ. ಮನೆಗೆ ಬಂದು ನೋಡಿದರೆ ಮತ್ತೆ ಅದೇ ಕಥೆ. ಆ ಸಿಮ್ ತೆಗೆದು ನಮ್ಮ ಯಜಮಾನರ ಫೋನಿಗೆ ಹಾಕಿ ಒಂದು ಕಾಲ್ ಮಾಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಬೇರೆ ಫೋನಿಗೆ ಹಾಕಿದರೂ ಪ್ರೈವೇಟ್ ಅಂತಲೇ ಬಂದರೆ ತೊಂದರೆ ಇರೋದು ಕಂಪನಿಯ ಕಡೆ, ಫೋನಿನಲ್ಲಲ್ಲ. ಇದನ್ನ ಆಗ ಯಾರೂ ನನಗೆ ಹೇಳಲಿಲ್ಲ.

ಮರುದಿನ ಅಡುಗೆಮನೆಯಲ್ಲಿ ಕೂತು ಕಂಪನಿಯ ಹೆಸರು ಹಾಕಿ ಕಸ್ಟಮರ್ ಕೇರ್ ನಂಬರ್ ಅಂತ ಇಂಟರ್ನೆಟ್‌ನಲ್ಲಿ ಹುಡುಕಿದೆ. ಮೇಲೆಯೇ ಒಂದು ಹತ್ತಂಕಿ ಮೊಬೈಲ್ ನಂಬರ್ ಸಿಕ್ಕಿತು. ಅಲ್ಲೇ ನಾನು ಎಡವಿದ್ದು. ಅಷ್ಟು ದೊಡ್ಡ ಕಂಪನಿ ಯಾರದೋ ಮೊಬೈಲ್ ನಂಬರಿನಿಂದ ಗ್ರಾಹಕರಿಗೆ ಉತ್ತರ ಕೊಡುತ್ತಾ ಅಂತ ಒಂದು ಕ್ಷಣ ಯೋಚನೆ ಮಾಡಲಿಲ್ಲ.

ಎತ್ತಿದವನು ಚೆನ್ನಾಗಿ ಕನ್ನಡ ಮಾತಾಡಿದ. “ಹೇಳಿ ಮೇಡಂ, ಪೋರ್ಟ್ ಮಾಡಿಸಿದ್ದೀರಾ? ಹೌದು, ಪೋರ್ಟ್ ಆದವರಿಗೆಲ್ಲ ಇದೊಂದು ತೊಂದರೆ ಬರ್ತಿದೆ, ಎರಡು ನಿಮಿಷದ ಕೆಲಸ” ಅಂದ. ಓಟಿಪಿ ಕೇಳಲಿಲ್ಲ, ಬ್ಯಾಂಕಿನ ವಿಷಯ ಎತ್ತಲಿಲ್ಲ, ಯಾವ ಆ್ಯಪ್ ಹಾಕಿಕೊಳ್ಳಿ ಅಂತಲೂ ಹೇಳಲಿಲ್ಲ. ಅದಕ್ಕೇ ನನಗೆ ಭಯ ಆಗಲಿಲ್ಲ. “ನಿಮ್ಮ ನಂಬರನ್ನ ಪಬ್ಲಿಕ್ ಮಾಡೋಕೆ ಒಂದು ಕೋಡ್ ಹೇಳ್ತೀನಿ, ಬರ್ಕೊಂಡು ಡಯಲ್ ಮಾಡಿ” ಅಂದ. ಕೈಯಲ್ಲಿ ಜೋಳದ ಹಿಟ್ಟು ಮೆತ್ತಿತ್ತು. ಸೆರಗಿಗೆ ಒರೆಸಿಕೊಂಡು ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಂಡೆ. ಆ ಬರಹ ಇನ್ನೂ ಅಲ್ಲೇ ಇದೆ: ಎರಡು ಸ್ಟಾರ್, 21, ಮತ್ತೆ ಒಂದು ಸ್ಟಾರ್, ಆಮೇಲೆ ಹತ್ತಂಕಿಯ ಒಂದು ನಂಬರ್, ಕೊನೆಗೆ ಹ್ಯಾಶ್. ಡಯಲ್ ಮಾಡಿದೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂತು, ಕೊನೆಯಲ್ಲಿದ್ದ ‘ಸಕ್ಸೆಸ್‌ಫುಲ್’ ಅನ್ನೋದಷ್ಟೇ ನನಗೆ ಕಂಡದ್ದು. “ಆಯ್ತು ಮೇಡಂ, ಸಂಜೆಯೊಳಗೆ ಸರಿಹೋಗುತ್ತೆ, ಅಲ್ಲೀವರೆಗೆ ಫೋನ್ ಆಫ್ ಮಾಡಬೇಡಿ” ಅಂದ. ನಾನು ಥ್ಯಾಂಕ್ಸ್ ಹೇಳಿ ಇಟ್ಟೆ.

ಆ ಕೋಡ್ ನಂಬರ್ ತೋರಿಸುವ ಕೋಡ್ ಅಲ್ಲ. ನನಗೆ ಬರುವ ಕಾಲ್‌ಗಳನ್ನೆಲ್ಲ ಆ ಹತ್ತಂಕಿಯ ನಂಬರಿಗೆ ತಿರುಗಿಸುವ ಕಾಲ್ ಫಾರ್ವರ್ಡಿಂಗ್ ಕೋಡ್. ನಾನು ಮಾಡುವ ಕಾಲ್ ಮಾಮೂಲಿಯಂತೆ ಹೋಗುತ್ತಿತ್ತು, ಇಂಟರ್ನೆಟ್ ನಡೀತಿತ್ತು, ಮೆಸೇಜೂ ಬರುತ್ತಿತ್ತು. ಒಳಬರುವ ಕಾಲ್ ಮಾತ್ರ ಇಲ್ಲ.

ಹತ್ತು ನಿಮಿಷಕ್ಕೆ ವಾಟ್ಸಾಪಿನ ಆರಂಕಿ ಕೋಡ್ ಇರುವ ಮೆಸೇಜ್ ಬಂತು. ಯಾರಿಗೂ ಹೇಳಬಾರದು ಅಂತ ಗೊತ್ತಿತ್ತು, ಹೇಳಲಿಲ್ಲ. ಆ ಮೋಸಗಾರರಿಗೆ ನಾನು ಹೇಳುವ ಅಗತ್ಯವೂ ಇರಲಿಲ್ಲ. ಮೆಸೇಜ್ ಬರದಿದ್ದರೆ ಫೋನ್ ಮಾಡಿ ಕೋಡ್ ಓದಿ ಹೇಳುವ ವ್ಯವಸ್ಥೆ ವಾಟ್ಸಾಪಿನಲ್ಲಿದೆ. ಆ ಕಾಲ್ ನನ್ನ ನಂಬರಿಗೆ ಬಂದು ನೇರ ಅವರ ಫೋನಿಗೆ ಹೋಯಿತು. ನನ್ನ ವಾಟ್ಸಾಪ್ ತಾನಾಗಿ ಲಾಗೌಟ್ ಆಯಿತು. ಅದನ್ನೂ ನಾನು ಪೋರ್ಟಿನದೇ ತೊಂದರೆ ಅಂದುಕೊಂಡು ರೊಟ್ಟಿ ಬಡಿಯುತ್ತಾ ಕೂತೆ.

ಚಿಕ್ಕಪ್ಪನಿಗೆ ನನ್ನ ಹೆಸರು, ನನ್ನ ಫೋಟೋ ಇರುವ ಮೆಸೇಜ್ ಹೋಯಿತು: ಆಸ್ಪತ್ರೆಯಲ್ಲಿದ್ದೀನಿ, ಅರ್ಜೆಂಟಾಗಿ ದುಡ್ಡು ಬೇಕು, ನಾಳೆ ವಾಪಸ್ ಹಾಕ್ತೀನಿ. ದುಡ್ಡು ಕೇಳಿದರೆ ಮೊದಲು ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ ಅಂತ ಎಲ್ಲರೂ ಹೇಳ್ತಾರಲ್ಲ, ಚಿಕ್ಕಪ್ಪ ಅದನ್ನೇ ಮಾಡಿದರು. ಕಾಲ್ ಆ ಮೋಸಗಾರರಿಗೇ ಹೋಯಿತು, ಅವರು ಕಟ್ ಮಾಡಿದರು. ಕೂಡಲೇ ಮೆಸೇಜ್ ಬಂತು: ಡಾಕ್ಟರ್ ಮುಂದೆ ಇದ್ದೀನಿ, ಮಾತಾಡೋಕಾಗಲ್ಲ. ನನ್ನ ಫೋನಿನಲ್ಲಿ ನಾಲ್ಕು ದಿನದಿಂದ ಏನೋ ತೊಂದರೆ ಅಂತ ಚಿಕ್ಕಪ್ಪನಿಗೂ ಗೊತ್ತಿತ್ತು, ನಂಬಿದರು. ಹಿಂಗೆ ಯಾರಾದರೂ ಕೇಳಿದರೆ ಆ ನಂಬರಿಗೆ ಮಾತ್ರ ಫೋನ್ ಮಾಡಿ ಸುಮ್ಮನಾಗಬೇಡಿ. ಅವರ ಮನೆಯ ಇನ್ನೊಬ್ಬರಿಗೆ ಮಾಡಿ.

ನಾಲ್ಕೂವರೆಗೆ ನಮ್ಮ ಯಜಮಾನರು ಅಂಗಡಿಯಿಂದ ಓಡಿಬಂದರು. “ನಿನ್ನ ಫೋನ್ ಯಾರೋ ಗಂಡಸು ಎತ್ತಿ ಸುಮ್ನೆ ಇಟ್ಟ, ಯಾರವನು?” ಅಂದರು. ಕ್ಯಾಲೆಂಡರಿನ ಮೇಲಿನ ಕೋಡ್ ತೋರಿಸಿದೆ. ಅವರ ಮುಖ ನೋಡಿಯೇ ನನಗೆ ಅರ್ಥವಾಯಿತು.

ಮೊದಲು ##002# ಡಯಲ್ ಮಾಡಿದೆವು, ಎಲ್ಲ ಫಾರ್ವರ್ಡಿಂಗ್ ತೆಗೆಯುವ ಕೋಡ್ ಅದು. *#21# ಹಾಕಿ ನೋಡಿ ತೆಗೆದಿದೆ ಅಂತ ಖಾತ್ರಿ ಮಾಡಿಕೊಂಡೆವು. ಆಮೇಲೆ ವಾಟ್ಸಾಪಿಗೆ ನನ್ನ ನಂಬರ್ ಹಾಕಿ ಹೊಸ ಕೋಡ್ ತರಿಸಿದೆವು. ಆ ಮೋಸಗಾರರು ಎರಡನೇ ಹಂತದ ಪಿನ್ ಹಾಕಿಟ್ಟಿದ್ದರು, ಹಾಗಾಗಿ ನನಗೆ ಒಳಗೆ ಹೋಗೋಕೆ ಏಳು ದಿನ ಕಾಯಬೇಕಾಯಿತು. ಆದರೆ ಆರಂಕಿ ಕೋಡ್ ಹಾಕಿದ ಕ್ಷಣವೇ ಅವರು ಹೊರಗೆ ಬಿದ್ದರು. ಆ ಪಿನ್ ನಾನೇ ಮೊದಲು ಹಾಕಿಟ್ಟಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ವಾಟ್ಸಾಪಿನ ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ‘ಟೂ ಸ್ಟೆಪ್ ವೆರಿಫಿಕೇಶನ್’ ಅಂತ ಇದೆ, ಇವತ್ತೇ ಹಾಕಿ.

ಚಿಕ್ಕಪ್ಪ ಅವರ ಫೋನಿಂದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟರು. ತಡ ಮಾಡದೆ ಮಾಡಿದ್ದಕ್ಕೆ 9,000 ಆ ಖಾತೆಯಲ್ಲೇ ತಡೆಹಿಡಿದರು. ಉಳಿದದ್ದು ಆಗಲೇ ಬೇರೆ ಕಡೆ ಹೋಗಿತ್ತು. ಮರುದಿನ ಠಾಣೆಯಲ್ಲಿ ಬರೆದುಕೊಂಡವರು ಹೇಳಿದರು: *401 ಅನ್ನೋ ಇನ್ನೊಂದು ಕೋಡಿನಲ್ಲೂ ಇದೇ ಮೋಸ ಜಾಸ್ತಿಯಾಗಿ, 2024ರ ಏಪ್ರಿಲ್ 15ರಿಂದ ಅದನ್ನ ನಿಲ್ಲಿಸಿ ಅಂತ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಆದೇಶ ಮಾಡಿತ್ತಂತೆ. ಆದರೆ ನನ್ನ ಫೋನಿನಲ್ಲಿ 21ರ ಕೋಡ್ ಕೆಲಸ ಮಾಡಿತಲ್ಲ. ಸ್ಟಾರ್, ಹ್ಯಾಶ್ ನಡುವೆ ಬೇರೆಯವರ ಹತ್ತಂಕಿ ನಂಬರ್ ಇದ್ದರೆ ಯಾರೇ ಹೇಳಲಿ, ಡಯಲ್ ಮಾಡಲೇಬೇಡಿ.

ಇನ್ನು ಪ್ರೈವೇಟ್ ನಂಬರಿನ ವಿಷಯ. ಕೊನೆಗೆ ಅದು ಸರಿಯಾದದ್ದು 198ರಿಂದ. ಸಿಮ್ ಕಂಪನಿಗೆ ದೂರು ಕೊಡೋಕೆ ಇರುವ ಉಚಿತ ನಂಬರ್ ಅದು, ಯಾವ ಕಂಪನಿಯ ಸಿಮ್ ಇದ್ದರೂ ಆ ಸಿಮ್ಮಿನಿಂದಲೇ ಮಾಡಬೇಕು. ನಂಬರ್ ಮರೆಮಾಡುವ ಸೌಲಭ್ಯವನ್ನ ಕಾರಣ ಪರಿಶೀಲಿಸದೆ ಯಾರಿಗೂ ಕೊಡುವಂತಿಲ್ಲ ಅನ್ನೋ ನಿಯಮವೇ ಇದೆ. ನಾನು ಕೇಳದಿದ್ದರೂ ಪೋರ್ಟ್ ಆದಾಗ ನನ್ನ ನಂಬರಿಗೆ ಅದು ತಪ್ಪಾಗಿ ಸೇರಿಕೊಂಡಿತ್ತು. ದೂರಿನ ಸಂಖ್ಯೆ ಬರೆದುಕೊಂಡೆ, ಎರಡನೇ ದಿನ ತೆಗೆದರು. ಒಂದು ರೂಪಾಯಿ ಖರ್ಚಾಗಲಿಲ್ಲ.

ಸರಿಯಾದ ದಿನ ನಮ್ಮ ಯಜಮಾನರ ಪಕ್ಕದಲ್ಲೇ ನಿಂತು ಅವರಿಗೆ ಫೋನ್ ಮಾಡಿದೆ. ಅವರ ಪರದೆಯಲ್ಲಿ ನನ್ನ ಹೆಸರು ಬಂತು. ಎರಡನೇ ಕಾಲ್ ಚಿಕ್ಕಪ್ಪನಿಗೆ. “ಈಗ ನಿನ್ನ ಹೆಸರೇ ಬಂತು ಕಣವ್ವ” ಅಂದರು. ಹೋದ 6,000 ಬೇಡ ಅಂತ ಅವರು ಎಷ್ಟು ಹೇಳಿದರೂ ನನಗೆ ಮನಸ್ಸು ಒಪ್ಪಲಿಲ್ಲ. ರೊಟ್ಟಿಯ ದುಡ್ಡಿನಲ್ಲಿ ತಿಂಗಳಿಗೆ ಸಾವಿರದಂತೆ ಕೊಡ್ತಿದ್ದೀನಿ.