ಹೊಲೊಗ್ರಾಮ್‌ಗೆ ನ್ಯಾನೋಟ್ಯೂಬಾ, ಗ್ರಾಫೀನ್ ಆಕ್ಸೈಡಾ?

ಶಂಕರಘಟ್ಟದ ಕುವೆಂಪು ವಿವಿಯಲ್ಲಿ ಎಂಎಸ್ಸಿ ಪ್ರಾಜೆಕ್ಟಿಗೆ ಕಾರ್ಬನ್ ಹೊಲೊಗ್ರಾಮ್ (ಬಿದ್ದ ಬೆಳಕನ್ನು ಬಾಗಿಸಿ ಗಾಳಿಯಲ್ಲಿ ಚಿತ್ರ ಮೂಡಿಸುವ ಇಂಗಾಲದ ಫಲಕ) ಮಾಡಬೇಕು ಅಂತಿದ್ದೀರಾ? ನನ್ನ ಓಟು ಗ್ರಾಫೀನ್ ಆಕ್ಸೈಡಿಗೆ, ಅಂದರೆ ಆಕ್ಸಿಜನ್ ಅಂಟಿದ ಇಂಗಾಲದ ಅತಿ ತೆಳು ಹಾಳೆಗೆ.

ನ್ಯಾನೋಟ್ಯೂಬ್ (ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ಕೊಳವೆ) ದಾರಿಯನ್ನು 2012ರಲ್ಲಿ ಕೇಂಬ್ರಿಡ್ಜ್‌ನವರು ತೋರಿಸಿದರು. ಒಂದೊಂದು ಕೊಳವೆಯೂ ಒಂದೊಂದು ಪಿಕ್ಸೆಲ್. ಪಿಕ್ಸೆಲ್ ಸಣ್ಣದಾದಷ್ಟೂ ಚಿತ್ರ ಕಾಣುವ ಕೋನ ಹಿಗ್ಗುತ್ತದೆ, ಅದೇ ಇದರ ತಾಕತ್ತು. ಆದರೆ ಸಿಲಿಕಾನ್ ಮೇಲೆ ಎಲೆಕ್ಟ್ರಾನ್ ಕಿರಣದಿಂದ ಚುಕ್ಕಿ ಬರೆದು, ಬಿಸಿ ಕುಲುಮೆಯಲ್ಲಿ ಅನಿಲ ಹಾಯಿಸಿ, ಅಡಿಕೆ ಸಸಿಯ ಸಾಲಿನ ಹಾಗೆ ಕೊಳವೆ ಬೆಳೆಸಬೇಕು. ಖರ್ಚು ಜಾಸ್ತಿ, ತಿದ್ದೋಕೂ ಆಗಲ್ಲ.

ಗ್ರಾಫೀನ್ ಆಕ್ಸೈಡ್ ಹಾಗಲ್ಲ. ಗ್ರಾಫೈಟ್ ಪುಡಿ, ಸಲ್ಫ್ಯೂರಿಕ್ ಆಮ್ಲ, ಪೊಟ್ಯಾಸಿಯಂ ಪರ್ಮಾಂಗನೇಟ್ ಇದ್ದರೆ ಮಾಡಬಹುದು (ಆಮ್ಲದ ಹತ್ತಿರ ಹುಷಾರು!). ನೀರಲ್ಲಿ ಕಲಸಿ ಗಾಜಿಗೆ ಹಚ್ಚಿದರೆ ತೆಳು ಕಂದು ಪದರ. ಲೇಸರ್ ಬಿದ್ದ ಕಡೆ ಆಕ್ಸಿಜನ್ ಕಳಚಿ, ಬೆಳಕು ಬಾಗುವ ರೀತಿಯೇ ಬದಲಾಗುತ್ತದೆ. 2015ರಲ್ಲಿ ಆಸ್ಟ್ರೇಲಿಯಾದವರು ಇದರಲ್ಲೇ 52 ಡಿಗ್ರಿ ಕೋನದ ಬಣ್ಣದ ಚಿತ್ರ ತೋರಿಸಿದರು. ಅದಕ್ಕೆ ಫೆಮ್ಟೋಸೆಕೆಂಡ್ ಲೇಸರ್ (ಅತಿ ಕ್ಷಣಿಕ ಮಿಡಿತಗಳಲ್ಲಿ ಬೆಳಕು ಬಿಡುವ ಲೇಸರ್) ಬೇಕು, ಎಲ್ಲಿ ಸಿಗುತ್ತದೆ ಅಂತ ಮೊದಲೇ ವಿಚಾರಿಸಿ. ಇನ್ನು ನಮ್ಮ ಮಲೆನಾಡಿನ ಮಳೆಗಾಲ ಗೊತ್ತಲ್ವಾ, ಪದರ ತೇವ ಹೀರುತ್ತದೆ. ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ.