ನಿಧಾನ ಓಟದ ಅಭ್ಯಾಸಕ್ಕೆ ಹಳೆಯ ಸ್ಪ್ಲೆಂಡರೇ ಸರಿ

ಕಾಲು ಊರದೆ, ನಡಿಗೆಯ ವೇಗದಲ್ಲಿ ಬೈಕ್ ತಿರುಗಿಸಲು ಕಲಿಯಬೇಕೆಂದಿದ್ದರೆ 2019ರ ಏಪ್ರಿಲ್‌ಗಿಂತ ಮೊದಲಿನ ಸ್ಪ್ಲೆಂಡರ್ ಒಂದನ್ನು ಹುಡುಕಿ ಕೊಳ್ಳಿ. ನಾನು ಹುಬ್ಬಳ್ಳಿಯಲ್ಲಿ 28,000 ರೂಪಾಯಿಗೆ ಕೊಂಡದ್ದು 2016ರ ಗಾಡಿ. ತಮ್ಮನ ಹೊಸ ಸ್ಪ್ಲೆಂಡರ್, ಗೆಳೆಯನ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350, ಮನೆಯ ಸ್ಕೂಟರ್ ಎಲ್ಲವನ್ನೂ ನವನಗರದ ಆಚೆಯ ಹೊಸ ಬಡಾವಣೆಯ ಖಾಲಿ ರಸ್ತೆಗೆ ಒಯ್ದು ಎಂಟರ ಆಕಾರ, ಯು ತಿರುವು, ಆಮೆವೇಗದ ನೇರ ಓಟ ಮಾಡಿ ನೋಡಿದ್ದೇನೆ.

ತಮ್ಮನ ಗಾಡಿ ನನ್ನದಕ್ಕಿಂತ ನಯವಾಗಿ ಓಡುತ್ತದೆ. ಆದರೂ ಈ ಕೆಲಸಕ್ಕೆ ಅದು ಬೇಡ ಎನ್ನುತ್ತೇನೆ. ಕಾರಣ, ಬ್ರೇಕ್ ಪೆಡಲ್. 125 ಸಿಸಿವರೆಗಿನ ಹೊಸ ಗಾಡಿಗಳಿಗೆಲ್ಲ ಜೋಡಿ ಬ್ರೇಕ್ (ಒಂದನ್ನು ಒತ್ತಿದರೆ ಎರಡೂ ಚಕ್ರಕ್ಕೆ ಬೀಳುವಂಥದ್ದು) ಇಲ್ಲವೇ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ಎಬಿಎಸ್ ಇರಲೇಬೇಕೆಂಬ ನಿಯಮ 2019ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಹೀಗಾಗಿ ಹೊಸ ಸ್ಪ್ಲೆಂಡರಿನ ಪೆಡಲ್ ತುಳಿದರೆ ಮುಂದಿನ ಚಕ್ರಕ್ಕೂ ಬ್ರೇಕ್ ಬೀಳುತ್ತದೆ.

ನಿಧಾನ ಓಟದಲ್ಲಿ ಎಡಗೈ ಕ್ಲಚ್ಚನ್ನು ಅರ್ಧ ಹಿಡಿದಿರಬೇಕು, ಬಲಗೈ ಆಕ್ಸಿಲರೇಟರನ್ನು ಅಲುಗಿಸದೆ ಒಂದೇ ಮಟ್ಟದಲ್ಲಿಡಬೇಕು, ಬಲಗಾಲು ಹಿಂದಿನ ಬ್ರೇಕನ್ನು ಸವರಿದಷ್ಟು ಹಗುರವಾಗಿ ಒತ್ತಿರಬೇಕು. ಎಂಜಿನ್ ಮುಂದಕ್ಕೆ ಎಳೆಯುತ್ತಿರುತ್ತದೆ, ಬ್ರೇಕ್ ಹಿಂದಿನಿಂದ ತಡೆದಿರುತ್ತದೆ. ಈ ಎಳೆತದಲ್ಲೇ ಗಾಡಿ ತೊಯ್ದಾಡದೆ ಸಾಗುವುದು. ಹ್ಯಾಂಡಲ್ ಪೂರ್ತಿ ತಿರುಗಿರುವಾಗ ಮುಂದಿನ ಬ್ರೇಕ್ ಹಿಡಿದರೆ ಇದೆಲ್ಲ ಕೆಡುತ್ತದೆ. ವೇಗ ಒಮ್ಮೆಲೇ ಇಳಿಯುತ್ತದೆ, ವಾಲಿದ ಗಾಡಿಯನ್ನು ಎತ್ತಿ ಹಿಡಿದಿದ್ದ ಓಟವೇ ನಿಂತುಹೋಗಿ ಅದು ತಿರುವಿನ ಒಳಬದಿಗೆ ಕುಸಿಯುತ್ತದೆ. ತಮ್ಮನ ಗಾಡಿಯ ಪೆಡಲನ್ನು ತುಸುವೇ ಒತ್ತಿದಾಗ ಏನೂ ಆಗುವುದಿಲ್ಲ. ಇನ್ನೊಂದಿಷ್ಟು ಒತ್ತಿದರೆ ಮುಂದಿನದು ಬಂದು ಸೇರಿಕೊಳ್ಳುತ್ತದೆ. ಅದು ಎಲ್ಲಿ ಸೇರುತ್ತದೆಂದು ಷೂ ಹಾಕಿದ ಪಾದಕ್ಕೆ ತಿಳಿಯುವುದೇ ಇಲ್ಲ. ಡಾಂಬರಿನ ಮೇಲೆ ಗರಸು ಹರಡಿದ್ದರೆ ಮುಂದಿನ ಚಕ್ರ ಜಾರಿಯೇ ಹೋಗುತ್ತದೆ.

ಜೋಡಿ ಬ್ರೇಕಿನ ಕೇಬಲ್ ಬಿಚ್ಚಿಬಿಡೋಣ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಪಿ.ಬಿ. ರಸ್ತೆಯಲ್ಲಿ ಎಮ್ಮೆ ಅಡ್ಡ ಬಂದಾಗ, ಗಾಬರಿಯಲ್ಲಿ ಪೆಡಲ್ ಮಾತ್ರ ತುಳಿಯುವವರನ್ನು ಉಳಿಸುವುದು ಅದೇ.

ಸ್ಕೂಟರಿನಲ್ಲಿ ಕೈಗೆ ಸಿಗುವ ಕ್ಲಚ್ಚೇ ಇಲ್ಲ, ಆದ್ದರಿಂದ ಕಲಿಯಬೇಕಾದ ಮುಖ್ಯ ವಿದ್ಯೆಗೆ ಅಲ್ಲಿ ಜಾಗವಿಲ್ಲ.

ಕ್ಲಾಸಿಕ್ 350ಯನ್ನು ಮನಸಾರೆ ಮೆಚ್ಚುತ್ತೇನೆ. ಮೊದಲ ಗೇರಿನಲ್ಲಿ ಕ್ಲಚ್ ಬಿಟ್ಟರೆ ಆಕ್ಸಿಲರೇಟರ್ ಮುಟ್ಟದೆಯೂ ಗುಡುಗುಡು ಎನ್ನುತ್ತ ತೆವಳುತ್ತದೆ, ಪೆಡಲ್ ಹಿಂದಿನ ಚಕ್ರಕ್ಕೆ ಮಾತ್ರ. ತೊಂದರೆಯೆಂದರೆ ಅದರ 195 ಕೆ.ಜಿ. ತೂಕ. ಎತ್ತುವ ಕಷ್ಟ ಹಾಗಿರಲಿ, ಬಿದ್ದೀತೆಂಬ ಭಯಕ್ಕೆ ಕಣ್ಣು ಮುಂದಿನ ಚಕ್ರದ ಮೇಲೇ ನೆಡುತ್ತದೆ. ತಿರುವಿನಲ್ಲಿ ಕತ್ತು ಹೊರಳಿಸಿ ಹೋಗಬೇಕಾದ ಕಡೆಗೆ ನೋಡದಿದ್ದರೆ ಎಂಟು ಎಂದಿಗೂ ಮುಗಿಯುವುದಿಲ್ಲ. ಸುಮಾರು 110 ಕೆ.ಜಿ.ಯ ಸ್ಪ್ಲೆಂಡರಿನ ಮೇಲೆ ಕತ್ತು ತಾನಾಗಿ ಹೊರಳುತ್ತದೆ, ಮೈಯನ್ನು ತಿರುವಿನ ಹೊರಬದಿಗೆ ಸರಿಸಿ ಗಾಡಿಯನ್ನಷ್ಟೇ ಒಳಗೆ ವಾಲಿಸುವ ಧೈರ್ಯವೂ ಬರುತ್ತದೆ. ಕ್ಲಚ್ ಕೂಡ ಹಗುರ. ಗೆಳೆಯನ ಗಾಡಿಯಲ್ಲಿ ನನ್ನ ಎಡಗೈ ಬೇಗ ಸೋಲುತ್ತದೆ.

ಸಂಜೆ ದುರ್ಗದ ಬೈಲಿನಲ್ಲಿ ಸಂತೆ ಮಾಡಿಕೊಂಡು, ತಳ್ಳುಗಾಡಿಗಳ ನಡುವೆ ಚೀಲ ಸಮೇತ ನುಸುಳಿ ಬರುವವನು ನಾನು. ಗೀರು ಬಿದ್ದರೂ ಚಿಂತೆಯಿಲ್ಲದ ಗಾಡಿ ನನಗೆ ಬೇಕು. ಹೆದ್ದಾರಿ ಪ್ರಯಾಣವೇ ನಿಮ್ಮ ಒಲವಾಗಿದ್ದು, ಕೈಯಲ್ಲಿ ದುಡ್ಡೂ ಇದ್ದರೆ ಕ್ಲಾಸಿಕ್ ತೆಗೆದುಕೊಳ್ಳಿ, ಕ್ರ್ಯಾಶ್ ಗಾರ್ಡ್ ಮಾತ್ರ ಮೊದಲೇ ಹಾಕಿಸಿ.

ಹಳೆಯ ಗಾಡಿ ನೋಡಲು ಹೋದಾಗ ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ಎತ್ತಿ, ಹ್ಯಾಂಡಲನ್ನು ಅತ್ತಿತ್ತ ತಿರುಗಿಸಿ. ನಟ್ಟನಡುವೆ ಕಚ್ಚಿಕೊಂಡಂತಾದರೆ ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಸವೆದಿದೆ ಎಂದರ್ಥ. ಅಂಥ ಗಾಡಿ ನಿಧಾನ ಓಟದಲ್ಲಿ ನೇರವಾಗಿ ಸಾಗದು. ಅದನ್ನು ಬದಲಿಸುವ ಖರ್ಚನ್ನು ಬೆಲೆಯಲ್ಲಿ ಮುರಿದುಕೊಂಡೇ ವ್ಯವಹಾರ ಮುಗಿಸಿ.